ಸಾವಿರ ಚುಕ್ಕೆ, ಒಂದು ಗಂಟು

“ಕತ್ತಿಗೆ ಗಂಟು ಬಿತ್ತಂತೆ, ಹೌದಾ ಮೇಡಂ?”

ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಒರಗಿ ನಿಂತು ಕೇದಾರ್ ಹೀಗೆ ಕೇಳಿದಾಗ ಯಶೋಧರಾಳ ಕೈಯಲ್ಲಿದ್ದ ಸೀಮೆಸುಣ್ಣದ ಡಬ್ಬಿ ನೆಲಕ್ಕೆ ಬಿತ್ತು. ಅವಳ ಕೈ ತನ್ನಷ್ಟಕ್ಕೆ ಕುತ್ತಿಗೆಗೆ ಹೋಯಿತು.

“ನಿಮಗೆ ಯಾರು ಹೇಳಿದ್ರು?”

“ಇಡೀ ಕಾಲೇಜಿಗೇ ಗೊತ್ತು. ಈ ಸೆಖೆಯಲ್ಲಿ ಕತ್ತು ತುಂಬಾ ದುಪಟ್ಟಾ ಸುತ್ಕೊಂಡು ಓಡಾಡಿದ್ರೆ ನಿಮ್ಮ ಸ್ಟೂಡೆಂಟ್ಸ್ ಸುಮ್ನೆ ಬಿಡ್ತಾರಾ?” ಕೇದಾರ್ ಬಗ್ಗಿ ಸೀಮೆಸುಣ್ಣದ ಚೂರುಗಳನ್ನು ಆರಿಸತೊಡಗಿದ. ಮುಖದ ಮೇಲಿನ ನಗುವನ್ನು ಕಷ್ಟಪಟ್ಟು ಹಿಡಿದುಕೊಂಡಿದ್ದ. “ಕಂಗ್ರಾಟ್ಸ್. ಯಾರಿಗೂ ಹೇಳ್ದೆ ಮಾಡ್ಕೊಂಡ್ಬಿಟ್ರಿ. ನಮಗೆ ಒಂದು ಊಟ ಬಾಕಿ ಇದೆ.”

ಊಟದ ಮಾತು ಬರುವವರೆಗೂ ಅವಳಿಗೆ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ತಾಳಿ ಮುಚ್ಚಿಕೊಂಡಿದ್ದಾಳೆ ಎಂದು ಹುಡುಗಿಯರು ಪಿಸುಗುಟ್ಟಿದ್ದಾರೆ, ಈ ಪುಣ್ಯಾತ್ಮ ಅದನ್ನು ನಂಬಿ ಬಂದಿದ್ದಾನೆ. ನಮ್ಮ ಭಾಷೆಯೂ ಸಾಮಾನ್ಯದ್ದಲ್ಲ ನೋಡಿ. ಮದುವೆಗೂ ಗಂಟು ಎನ್ನುತ್ತದೆ, ಮೈಯಲ್ಲಿ ಹುಟ್ಟಿದ್ದಕ್ಕೂ ಗಂಟು ಎನ್ನುತ್ತದೆ.

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಯಶೋಧರಾ ದುಪಟ್ಟಾ ಸರಿಸಿದಳು. ಗಂಟಲಿನ ಎಡಕ್ಕೆ ನೆಲ್ಲಿಕಾಯಿ ಗಾತ್ರದ ಉಬ್ಬು. ಅವಳು ಉಗುಳು ನುಂಗಿದಾಗ ಅದೂ ಮೇಲೆದ್ದು ಕೆಳಗಿಳಿಯಿತು.

“ಇದಕ್ಕೂ ಕಂಗ್ರಾಟ್ಸ್ ಹೇಳ್ತೀರಾ?”

ಕೇದಾರನ ಮುಖದಲ್ಲಿ ಮೊದಲು ಕಾಣಿಸಿದ್ದು ನಿರಾಳ. ಮರುಕ್ಷಣ, ಇಂಥ ಹೊತ್ತಿನಲ್ಲಿ ನಿರಾಳವಾಯಿತಲ್ಲ ಎಂಬ ನಾಚಿಕೆ. ಆಮೇಲೆ ಬಂದದ್ದು ಹೆದರಿಕೆ, ಅದು ಬಂದು ಅಲ್ಲೇ ಕೂತಿತು. ಯಶೋಧರಾ ಆ ಮೊದಲನೆಯದನ್ನೂ ನೋಡಿದ್ದಳು. ಆಮೇಲೆ ಯೋಚಿಸೋಣ ಎಂದು ಅದನ್ನು ಮನಸ್ಸಿನ ಮೂಲೆಯಲ್ಲಿ ಎತ್ತಿಟ್ಟಳು.

“ಥೈರಾಯ್ಡ್. ಸೂಜಿ ಹಾಕಿ ಒಂದಿಷ್ಟು ತೆಗೆದು ಟೆಸ್ಟ್ ಮಾಡ್ತಾರಂತೆ. ನೂರರಲ್ಲಿ ಐದು ಜನಕ್ಕೆ ಮಾತ್ರ ಕೆಟ್ಟದ್ದಿರತ್ತಂತೆ,” ಎಂದಳು. “ಅಮ್ಮಂಗೆ ಹೇಳಿಲ್ಲ. ನೀವೂ ಯಾರಿಗೂ ಹೇಳ್ಬೇಡಿ.”

ಯಶೋಧರಾ ಚಾಮರಾಜಪೇಟೆಯ ಆ ಹಳೇ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವಳು. ಕೇದಾರ್ ಅದೇ ಮಹಡಿಯಲ್ಲಿ ಕಂಪ್ಯೂಟರ್ ಸೈನ್ಸ್ ಮೇಷ್ಟ್ರು. ಪೇಟೆಯಲ್ಲಿ ಅವನಪ್ಪ ಪರಮಶಿವಯ್ಯನವರಿಗೆ ಹಿತ್ತಾಳೆ ಪಾತ್ರೆಯ ಅಂಗಡಿ. ಇವಳದು ಎನ್.ಆರ್. ಕಾಲೋನಿಯಲ್ಲಿ ಅಮ್ಮ ನರಸಮ್ಮನ ಜೊತೆ ಎರಡು ರೂಮಿನ ಮನೆ. ನರಸಮ್ಮ ಸರ್ಕಾರಿ ಮುದ್ರಣಾಲಯದಲ್ಲಿ ದುಡಿದು ರಿಟೈರ್ ಆದವರು. ಗಂಡನನ್ನು ಆಸ್ಪತ್ರೆಯಲ್ಲಿ ಕಳೆದುಕೊಂಡ ಮೇಲೆ ಆಸ್ಪತ್ರೆ ಎಂಬ ಮಾತು ಕಿವಿಗೆ ಬಿದ್ದರೂ ಸಾಕು, ಅವರ ಕೈಕಾಲು ತಣ್ಣಗಾಗುತ್ತಿತ್ತು. ಹಾಗಾಗಿ ಯಶೋಧರಾ ಹೆದರಿಕೆಯನ್ನು ಒಬ್ಬಳೇ ಹೊತ್ತು ತಿರುಗುತ್ತಿದ್ದಳು.

ಮಾರನೆಯ ದಿನ ಕ್ಲಾಸಿನಲ್ಲಿ ಪ್ರಾಬಬಿಲಿಟಿ. ಬೋರ್ಡಿನ ಮೇಲೆ ಸೂತ್ರ ಬರೆದು ಅವಳು ನೂರಕ್ಕೆ ಐದು ಎಂದರೇನು ಎಂದು ವಿವರಿಸುತ್ತಿದ್ದಳು. ಹಿಂದಿನ ಬೆಂಚು ಎಂದಿನಂತೆ ತೂಕಡಿಸುತ್ತಿತ್ತು. ಮುಂದಿನ ಸಾಲಿನ ಆರಾಧನಾ ಎದ್ದು ನಿಂತಳು.

“ಮೇಡಂ, ನೂರಕ್ಕೆ ಐದು ಅಂದ್ರೆ, ಯಾವ ಐದು?”

ಕ್ಲಾಸು ನಕ್ಕಿತು. ಯಶೋಧರಾಳಿಗೆ ನಗು ಬರಲಿಲ್ಲ. ಡಾಕ್ಟರನ್ನು ಅವಳು ಕೇಳಬೇಕೆಂದಿದ್ದು, ಕೇಳಲು ಬಾಯಿ ಬಾರದೆ ಎದ್ದು ಬಂದದ್ದು ಇದೇ ಪ್ರಶ್ನೆ. ಇಷ್ಟು ವರ್ಷ ಐದು ಎಂದರೆ ಚಿಕ್ಕ ಸಂಖ್ಯೆ ಎಂದು ಪಾಠ ಮಾಡಿದವಳಿಗೆ ಈಗ ಉಳಿದ ತೊಂಬತ್ತೈದು ಕಣ್ಣಿಗೇ ಬೀಳುತ್ತಿರಲಿಲ್ಲ.

ಅಂದು ಸಂಜೆ ಅವಳೇ ಲ್ಯಾಬಿಗೆ ಹೋದಳು.

“ನನಗೊಂದು ಸಿಮ್ಯುಲೇಷನ್ ಬೇಕು. ಕ್ಲಾಸಿಗೆ.”

“ಕ್ಲಾಸಿಗೆ,” ಎಂದ ಕೇದಾರ್, ಅವಳ ದುಪಟ್ಟಾ ಕಡೆ ನೋಡದಿರಲು ಪ್ರಯತ್ನಿಸುತ್ತ. “ಹೇಳಿ.”

“ಸ್ಕ್ರೀನ್ ಮೇಲೆ ಸಾವಿರ ಚುಕ್ಕೆ. ಒಂದೊಂದೂ ಒಬ್ಬೊಬ್ಬ ಹೆಂಗಸು, ಎಲ್ಲರಿಗೂ ಕತ್ತಲ್ಲಿ ಗಂಟು. ಒಬ್ಬೊಬ್ಬರಿಗೂ ಕಂಪ್ಯೂಟರ್ ಅದೃಷ್ಟ ಹಂಚ್ಬೇಕು. ಕೆಟ್ಟದ್ದಾದ್ರೆ ಕೆಂಪು, ಇಲ್ಲದಿದ್ರೆ ಹಸಿರು. ಮಕ್ಕಳು ತಮ್ಮ ಹೆಸರು ಹಾಕಿದ್ರೆ ಅವರ ಚುಕ್ಕೆ ಸುತ್ತ ಒಂದು ಹಳದಿ ಉಂಗುರ ಬರ್ಲಿ. ಎಷ್ಟು ಸಲ ಬೇಕಾದ್ರೂ ಒತ್ತಿ ನೋಡ್ಲಿ. ಸೂತ್ರದಲ್ಲಿ ಕಾಣದೇ ಇರೋದು ಕಣ್ಣಿಗೆ ಕಾಣತ್ತೆ.”

“ಉಂಗುರ ನಾನು ಹಾಕ್ತೀನಿ, ಬಿಡಿ,” ಎಂದ ಕೇದಾರ್. ಆಡಿದ ಮೇಲೆ ಆ ಮಾತಿಗೆ ಇನ್ನೊಂದು ಅರ್ಥ ಇದೆಯೆಂದು ಅವನಿಗೇ ಹೊಳೆದು ಕಿವಿ ಕೆಂಪಾಯಿತು. ಕೀಬೋರ್ಡಿನಲ್ಲಿ ಏನೋ ಹುಡುಕುವವನಂತೆ ತಲೆ ತಗ್ಗಿಸಿದ. ಗಂಟು ಕಾಣಿಸಿಕೊಂಡ ಮೇಲೆ ಯಶೋಧರಾ ಮೊದಲ ಸಲ ನಕ್ಕಳು.

ಆ ವಾರವೇ, ಮೊಬೈಲಿನಲ್ಲೂ ತೆರೆಯುವಂಥ ವೆಬ್ ಪುಟ ಸಿದ್ಧವಾಯಿತು. ಕೇದಾರ್ ತನ್ನ ಕುರ್ಚಿ ಬಿಟ್ಟುಕೊಟ್ಟು ಹಿಂದೆ ನಿಂತ. ಅವಳು ತನ್ನ ಹೆಸರು ಟೈಪ್ ಮಾಡಿದಳು. ಬಟನ್ ಒತ್ತಲು ಬೆರಳು ಏಳಲಿಲ್ಲ. ಬರೀ ಆಟ ಇದು, ಒಂದು ಯಂತ್ರ ಎಸೆಯುವ ದಾಳ, ತನ್ನ ಗಂಟಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕಣ್ಣು ಮುಚ್ಚಿ ಒತ್ತಿದಳು.

“ಹಸಿರು,” ಎಂದ ಕೇದಾರ್.

ಕಣ್ಣು ಬಿಟ್ಟಳು. ಹಳದಿ ಉಂಗುರದೊಳಗೆ ಹಸಿರು ಚುಕ್ಕೆ. ಮತ್ತೆ ಒತ್ತಿದಳು, ಹಸಿರು. ಅವಳು ಉಸಿರು ಬಿಟ್ಟು ಹಿಂತಿರುಗಿದರೆ ಕೇದಾರ್ ಸ್ಕ್ರೀನನ್ನು ನೋಡುತ್ತಲೇ ಇರಲಿಲ್ಲ. ಅವಳ ಮುಖವನ್ನು ನೋಡುತ್ತಿದ್ದ. ಸಿಕ್ಕಿಬಿದ್ದೆ ಎಂದು ಗೊತ್ತಾದರೂ ಕಣ್ಣು ತಿರುಗಿಸಲಿಲ್ಲ.

“ಹೆದರಿಕೆ ಆದಾಗೆಲ್ಲ ಒತ್ತಿ ನೋಡಿ,” ಎಂದ ಮೆಲ್ಲಗೆ.

ಸೂಜಿ ಪರೀಕ್ಷೆಗೆ ಅವಳು ಒಬ್ಬಳೇ ಹೋದಳು. ಜೊತೆಗೆ ಬರುತ್ತೇನೆಂದು ಅವನು ಹಟ ಹಿಡಿದರೂ ಬೇಡವೆಂದಳು. ರಿಪೋರ್ಟಿಗೆ ಒಂದು ವಾರ ಕಾಯಬೇಕು ಎಂದರು. ಸೂಜಿಯ ನೋವು ಸಂಜೆಗೆ ಇಳಿಯಿತು, ಕಾಯುವ ನೋವು ಅಲ್ಲಿಂದ ಶುರುವಾಯಿತು.

ಆ ವಾರ ಅವಳ ಬೆರಳಿಗೆ ಬೇರೆ ಕೆಲಸವೇ ಇರಲಿಲ್ಲ. ಬಸ್ಸಿನಲ್ಲಿ ಒತ್ತುವುದು, ಸ್ಟಾಫ್ ರೂಮಿನಲ್ಲಿ ಒತ್ತುವುದು, ಅಮ್ಮ ಒಗ್ಗರಣೆ ಹಾಕುವಾಗ ಬೆನ್ನು ತಿರುಗಿಸಿ ಒತ್ತುವುದು. ಹಸಿರು. ಒಮ್ಮೆ ಹಸಿರು ಕಂಡರೆ ಒಂದು ಗಂಟೆಯ ಮಟ್ಟಿಗೆ ಧೈರ್ಯ. ನುಂಗುವಾಗ ಗಂಟಲಲ್ಲಿ ಉಬ್ಬು ಆಡಿದ ಕೂಡಲೇ ಆ ಧೈರ್ಯ ಕರಗುತ್ತಿತ್ತು, ಮತ್ತೆ ಒತ್ತುತ್ತಿದ್ದಳು.

ಸಂಜೆ ಕೇದಾರ್ ಗಾಂಧಿ ಬಜಾರಿನವರೆಗೆ ಜೊತೆಗೆ ನಡೆದು ಬರುತ್ತಿದ್ದ. ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ ಅವಳ ಲೋಟವನ್ನು ತಾನೇ ಆರಿಸಿ ಕೊಡುತ್ತಿದ್ದ, ಬಿಸಿ ಗಂಟಲಿಗೆ ತಾಗದಿರಲಿ ಎಂದು.

“ನಾನು ಮಗು ಅಲ್ಲ.”

“ಗೊತ್ತು. ಮಗು ಆಗಿದ್ರೆ ಹಾಲು ಕೊಡಿಸ್ತಿದ್ದೆ. ಕಾಫಿ ನಿಮ್ಮ ವಯಸ್ಸಿಗೆ ಕೊಟ್ಟ ಮರ್ಯಾದೆ.”

“ನನ್ನ ವಯಸ್ಸು ನಿಮಗೆ ಗೊತ್ತಾ?”

“ಗೊತ್ತಿಲ್ಲ ಅಂತ ಹೇಳೋಷ್ಟು ಬುದ್ಧಿ ನನಗಿದೆ.”

ಅವಳು ಲೋಟದ ಅಂಚಿನ ಮೇಲಿಂದ ಅವನನ್ನು ನೋಡಿದಳು. ನೋಡಿ ಹೆದರಿದಳು. ಇದು ಹೊಸ ಹೆದರಿಕೆ. ನಾಳೆ ಏನಾಗುತ್ತದೋ ತಿಳಿಯದ ಈ ವಾರದಲ್ಲಿಯೇ ಇವನು ಇಷ್ಟು ಹಿಡಿಸಬೇಕಿತ್ತೇ? ಪೇಟೆಯ ಪರಮಶಿವಯ್ಯನವರ ಮನೆಗೂ ತಮ್ಮ ಮನೆಗೂ ಎಷ್ಟು ದೂರವೆಂದು ಅವಳಿಗೆ ಗೊತ್ತಿತ್ತು. ಆ ದೂರವನ್ನು ನಡೆಯಲು ಮೊದಲು ಜೀವ ಗಟ್ಟಿಯಿರಬೇಕು. ಮೊದಲ ದಿನ ಅವನ ಮುಖದಲ್ಲಿ ಕಂಡ ನಿರಾಳವನ್ನು ಎತ್ತಿಟ್ಟ ಮೂಲೆಯಿಂದ ತೆಗೆದು ನೋಡಿ, ಮತ್ತೆ ಅಲ್ಲಿಯೇ ಇಟ್ಟಳು.

ರಿಪೋರ್ಟು ಬರುವ ಹಿಂದಿನ ದಿನ ಸಿಮ್ಯುಲೇಷನ್ ಕ್ಲಾಸಿಗೆ ಬಂತು. ಪ್ರೊಜೆಕ್ಟರಿನಲ್ಲಿ ಸಾವಿರ ಚುಕ್ಕೆ ಅರಳಿದ್ದೇ ಹಿಂದಿನ ಬೆಂಚಿನ ನಿದ್ದೆ ಹಾರಿಹೋಯಿತು. ಒಬ್ಬೊಬ್ಬರೇ ಬಂದು ಹೆಸರು ಹಾಕಿದರು. ಒಮ್ಮೆ ಸಾವಿರದಲ್ಲಿ ನಲವತ್ತೆರಡು ಕೆಂಪು, ಇನ್ನೊಮ್ಮೆ ಅರವತ್ತು. ಸರಾಸರಿ ಐವತ್ತರ ಹತ್ತಿರವೇ ಸುಳಿದಾಡಿದರೂ ಒಂದು ಸಲದ ಹಾಗೆ ಇನ್ನೊಂದು ಸಲ ಇರುವುದಿಲ್ಲ ಎಂಬುದನ್ನು ಅವರು ಸೂತ್ರವಿಲ್ಲದೆ, ಕೂಗಾಡುತ್ತ ಕಲಿತರು. ಆರಾಧನಾಳ ಚುಕ್ಕೆ ಒಮ್ಮೆ ಕೆಂಪಾದಾಗ ಇಡೀ ಕ್ಲಾಸು ಅಯ್ಯೋ ಎಂದಿತು.

“ಯಾವ ಐದು ಅಂತ ಸ್ಟ್ಯಾಟಿಸ್ಟಿಕ್ಸ್ ಹೇಳಲ್ಲ,” ಎಂದಳು ಯಶೋಧರಾ. “ಎಷ್ಟು ಅಂತ ಮಾತ್ರ ಹೇಳತ್ತೆ.”

ಆಮೇಲೆ ಅವಳು ಕಂಪ್ಯೂಟರ್ ಅದೃಷ್ಟವನ್ನು ಎಲ್ಲಿಂದ ತರುತ್ತದೆ ಎಂದು ವಿವರಿಸಿದಳು. ಅದಕ್ಕೆ ಮೊದಲು ಒಂದು ಸಂಖ್ಯೆ ಕೊಡಬೇಕು, ಅದಕ್ಕೆ ಸೀಡ್ ಎನ್ನುತ್ತಾರೆ, ಬೀಜ. ಸಾವಿರ ಚುಕ್ಕೆಯ ಹಣೆಬರಹವೂ ಅದರಿಂದಲೇ ಮೊಳೆಯುತ್ತದೆ. “ಪ್ರತಿ ಸಲ ಬೇರೆ ಬೀಜ ಹಾಕಿದ್ರೆ ಬೇರೆ ಗಿಡ. ಅದೇ ಬೀಜ ಹಾಕಿದ್ರೆ ಅದೇ ಗಿಡ, ಅದೇ ಎಲೆ. ಹುಳ ತಿಂದ ಎಲೆ ಕೂಡ ಅದೇ ಜಾಗದಲ್ಲಿ.”

“ಈಗ ಮೇಡಂ ಹೆಸರು,” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಆರಾಧನಾ ಆಗಲೇ ಟೈಪ್ ಮಾಡಿಯಾಗಿತ್ತು.

ಹಸಿರು. ಚಪ್ಪಾಳೆ. ಮತ್ತೆ ಹಸಿರು, ಮತ್ತೆ ಚಪ್ಪಾಳೆ. ಯಶೋಧರಾ ನಗುತ್ತ ನಿಂತಿದ್ದಳು. ಒತ್ತುತ್ತಿದ್ದ ಆರಾಧನಾಳ ಕೈ ನಿಂತಿತು.

“ಮೇಡಂ, ಮೇಲೆ ಎಡಗಡೆ ನೋಡಿ. ಒಲೆಗುಂಡಿನ ಹಾಗೆ ಮೂರು ಕೆಂಪು. ಪ್ರತಿ ಸಲ ಅಲ್ಲೇ ಬರ್ತಿದೆ.” ಮತ್ತೆ ಒತ್ತಿದಳು. ಮೂರು ಕೆಂಪು ಅಲ್ಲೇ ಇದ್ದವು. “ನಿಮ್ಮ ಹೆಸರಿಗೆ ಮಾತ್ರ ಚಿತ್ರ ಬದಲಾಗ್ತಾನೇ ಇಲ್ಲ. ಸೀಡ್ ಫಿಕ್ಸ್ ಆಗಿದೆ ಮೇಡಂ.”

ಅವಳು ಹೇಳಿದ್ದು ತಾನು ಪಾಠ ಕಲಿತಿದ್ದೇನೆಂದು ತೋರಿಸುವ ಹೆಮ್ಮೆಯಿಂದ. ಯಶೋಧರಾ ಕೈಚಾಚಿ ತಾನೇ ಒಮ್ಮೆ ಒತ್ತಿದಳು, ಅದೇ ಚಿತ್ರ.

ಎಷ್ಟು ಸಲ ಒತ್ತಿದ್ದಳೋ ಲೆಕ್ಕವಿಲ್ಲ. ನೂರಕ್ಕೆ ಐದು ಇದ್ದರೆ ಅಷ್ಟರಲ್ಲಿ ಒಮ್ಮೆಯೂ ಕೆಂಪು ಬಾರದೆ ಇರುವುದುಂಟೇ? ಅವಳ ಕ್ಲಾಸಿನ ಅತಿ ಹಿಂದಿನ ಬೆಂಚಿನವನೂ ಇಲ್ಲವೆನ್ನುತ್ತಿದ್ದ. ಇದನ್ನೇ ಪಾಠ ಮಾಡಿ ಹೊಟ್ಟೆ ಹೊರೆಯುವವಳಿಗೆ ಕಾಣಲಿಲ್ಲ, ಏಕೆಂದರೆ ಅವಳು ನೋಡಿದ್ದು ತನ್ನ ಚುಕ್ಕೆಯೊಂದನ್ನೇ. ಉಳಿದ ಒಂಬೈನೂರ ತೊಂಬತ್ತೊಂಬತ್ತು ಹೆಂಗಸರ ಕಡೆ ಅವಳ ಭಯ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ವಾರವಿಡೀ ಕೂಡಿಟ್ಟುಕೊಂಡ ಧೈರ್ಯವೆಲ್ಲ ಒಂದೇ ಏಟಿಗೆ ಖಾಲಿಯಾಯಿತು.

ಲ್ಯಾಬಿನಲ್ಲಿ ಕೇದಾರ್ ಒಬ್ಬನೇ ಇದ್ದ. ಅವಳ ಮುಖ ನೋಡಿದ ಕೂಡಲೇ ಎದ್ದು ನಿಂತ.

“ಸುಳ್ಳು ಬರೆದ್ರಿ.” ಅವಳು ಬಾಗಿಲಲ್ಲೇ ನಿಂತು ಹೇಳಿದಳು. “ನನ್ನ ಸಬ್ಜೆಕ್ಟಲ್ಲೇ ನನಗೆ ಮೋಸ ಮಾಡಿದ್ರಿ. ಮಕ್ಕಳ ಮುಂದೆ ನಿಂತು ಗೊತ್ತಾಯ್ತು ನನಗೆ.”

ಅವನು ಇಲ್ಲವೆನ್ನಲಿಲ್ಲ. “ಬರೆದು ಮುಗಿಸಿದ ದಿನ ಸರಿಯಾಗಿದೆಯಾ ಅಂತ ನೋಡೋಕೆ ನಿಮ್ಮ ಹೆಸರು ಹಾಕಿದೆ,” ಎಂದ. “ಮೊದಲನೇ ಸಲಕ್ಕೇ ಕೆಂಪು ಬಂತು.”

ಅವಳು ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದಳು.

“ನಾನೇ ಬರೆದ ಪ್ರೋಗ್ರಾಂ, ಯಶೋಧರಾ. ಒಳಗೆ ಏನೂ ಇಲ್ಲ, ಬರೀ ಅಂಕಿ. ಆದ್ರೂ ಕೂತಿರೋಕಾಗ್ಲಿಲ್ಲ, ಹೊರಗೆ ಹೋಗಿ ಮುಖ ತೊಳ್ಕೊಂಡು ಬಂದೆ. ನೀವು ಅದನ್ನ ನೋಡ್ಬಾರ್ದು ಅನ್ನಿಸ್ತು. ನಿಮ್ಮ ಹೆಸರಿಗೆ ಒಳ್ಳೆ ಬೀಜ ಒಂದು ಹುಡುಕಿ ಕಟ್ಟಿಹಾಕ್ದೆ.” ಅವನು ಮೇಜಿನ ಅಂಚನ್ನು ಹಿಡಿದುಕೊಂಡ. “ತಪ್ಪು. ಆದ್ರೆ ಇಷ್ಟಪಟ್ಟವರ ಹೆಸರು ಕೆಂಪಾಗೋದನ್ನ ನೋಡೋಕೆ ನನ್ನ ಕೈಲಿ ಆಗಲ್ಲ.”

ಪ್ರೀತಿಯ ಮಾತನ್ನು ಅವಳು ಎಷ್ಟೋ ಬಗೆಯಲ್ಲಿ ಕಲ್ಪಿಸಿಕೊಂಡಿದ್ದಳು, ಕ್ಷಮಾಪಣೆಯ ಮಧ್ಯೆ ಹೀಗೆ ಬರುತ್ತದೆಂದು ಎಣಿಸಿರಲಿಲ್ಲ. ಸಂತೋಷಕ್ಕಿಂತ ಮುಂಚೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು.

“ನಿಮ್ಮ ಕೈಲಿ ಆಗಲ್ಲ ಸರಿ. ನಾಳೆ ರಿಪೋರ್ಟ್ ಕೆಂಪಾಗಿ ಬಂದ್ರೆ? ಅದಕ್ಕೂ ಒಂದು ಬೀಜ ಕಟ್ತೀರಾ? ಆವಾಗ ಎಲ್ಲಿರ್ತೀರಾ ನೀವು?”

ಕೇದಾರ್ ಕೂತು, ಪ್ರೋಗ್ರಾಂ ತೆರೆದು, ಅವಳ ಹೆಸರಿದ್ದ ಸಾಲನ್ನು ಅವಳೆದುರೇ ಅಳಿಸಿದ. ಪಕ್ಕದ ಕುರ್ಚಿ ಎಳೆದ. “ಕೂತ್ಕೊಳ್ಳಿ. ಕೆಂಪು ಬರೋವರೆಗೂ ಒತ್ತೋಣ.”

ಅವಳು ಕೂತಳು. ಒಮ್ಮೆ ಅವಳು ಒತ್ತಿದಳು, ಒಮ್ಮೆ ಅವನು. ಹಸಿರು ಬಂತು, ಹಸಿರು ಬಂತು. ಹಸಿರಿನಿಂದ ಈಗ ಸಮಾಧಾನ ಸಿಗುತ್ತಿರಲಿಲ್ಲ, ಮುಂದಿನದಕ್ಕೆ ಇನ್ನಷ್ಟು ಅಂಜಿಕೆ ಕೂಡುತ್ತಿತ್ತು. ಹೊರಗೆ ಜವಾನ ಆಂಜಿನಯ್ಯ ಕ್ಲಾಸುಗಳ ಬಾಗಿಲು ಹಾಕುತ್ತ ಬರುವ ಸದ್ದು ಹತ್ತಿರವಾಯಿತು. ಅವನ ಸರದಿಯಲ್ಲಿ ಕೆಂಪು ಬಂತು.

ಹಳದಿ ಉಂಗುರದೊಳಗೆ, ಪುಟ್ಟದಾಗಿ.

ಯಶೋಧರಾ ಉಗುಳು ನುಂಗಿದಳು, ಗಂಟಲಿನ ಉಬ್ಬು ಎದ್ದು ಇಳಿಯಿತು. ಅವಳು ಅವನ ಕಡೆ ತಿರುಗಿದಳು. ಕೇದಾರನ ಮುಖದಲ್ಲಿ ರಕ್ತವಿರಲಿಲ್ಲ, ಅವಳಿಗಿಂತ ಹೆಚ್ಚು ಅವನೇ ಹೆದರಿದ್ದ. ಆದರೆ ಏಳಲಿಲ್ಲ, ಮುಖ ತೊಳೆಯಲು ಹೋಗಲಿಲ್ಲ. ಕೀಬೋರ್ಡಿನ ಮೇಲಿದ್ದ ಅವಳ ಕೈಯನ್ನು ತೆಗೆದು ತನ್ನೆರಡು ಕೈಗಳಲ್ಲಿ ಇಟ್ಟುಕೊಂಡ.

“ಹೆದರ್ಬೇಡ,” ಎಂದ.

ಇಷ್ಟು ದಿನ ಬೇಡಿ ಎನ್ನುತ್ತಿದ್ದವನು ಬೇಡ ಎಂದಿದ್ದ. ಅವಳಿಗೆ ಅದು ಕೇಳಿಸಿತು. ತಾನು ಏಕವಚನ ಆಡಿದ್ದು ಅವನಿಗೆ ಗೊತ್ತಾಗಲಿಲ್ಲ.

“ನಿನ್ನ ಕೈ ನಡುಗ್ತಿದೆ,” ಎಂದಳು.

“ನಡುಗ್ಲಿ. ಬಿಡಲ್ಲ.”

ಆಂಜಿನಯ್ಯ ಬಾಗಿಲಿಗೆ ಬಂದು, ಒಳಗೆ ನೋಡಿ, ಕೆಮ್ಮಿ, ಬೀಗದ ಕೈಯನ್ನು ಕಿಟಕಿಯಲ್ಲಿಟ್ಟು ಹೋದ. ಸ್ಕ್ರೀನಿನಲ್ಲಿ ಕೆಂಪು ಚುಕ್ಕೆ ಹಾಗೆಯೇ ಇತ್ತು. ಅದನ್ನು ಅಳಿಸಲು ಇಬ್ಬರೂ ಮುಂದಾಗಲಿಲ್ಲ.

ಮಾರನೆಯ ದಿನ ಬುಲ್ ಟೆಂಪಲ್ ರಸ್ತೆಯ ಲ್ಯಾಬಿಗೆ ಇಬ್ಬರೂ ಹೋದರು. ಅಲ್ಲಿಂದ ಡಾಕ್ಟರ ಹತ್ತಿರ. ಡಾಕ್ಟರು ಕಾಗದವನ್ನು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. ಆ ಒಂದು ನಿಮಿಷದಲ್ಲಿ ಯಶೋಧರಾ ಕೇದಾರನ ಬೆರಳುಗಳನ್ನು ಮುರಿಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

“ಒಳ್ಳೇದು ಅಂತ ಹೇಳೋಕಾಗಲ್ಲಮ್ಮ, ಕೆಟ್ಟದ್ದು ಅಂತಾನೂ ಹೇಳೋಕಾಗಲ್ಲ,” ಎಂದರು. “ಕೆಲವರಿಗೆ ಹೀಗೆ ಬರತ್ತೆ. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ಸೂಜಿ ಹಾಕಿ ನೋಡೋಣ. ಅಲ್ಲೀವರೆಗೂ ಎಂದಿನ ಹಾಗೆ ಇರಿ.”

ಹೊರಗೆ ಬಂದು ಕಡಲೆಕಾಯಿ ಮಾರುವವನ ಗಾಡಿಯ ಹತ್ತಿರ ನೆರಳಲ್ಲಿ ನಿಂತರು. ಕೆಂಪೂ ಅಲ್ಲ, ಹಸಿರೂ ಅಲ್ಲ. ಇಂಥ ಬಣ್ಣವೊಂದನ್ನು ಅವರಿಬ್ಬರೂ ಪ್ರೋಗ್ರಾಮಿನಲ್ಲಿ ಇಟ್ಟೇ ಇರಲಿಲ್ಲ. ಇನ್ನೂ ಮೂರು ತಿಂಗಳು ಇದೇ ಹೆದರಿಕೆಯೊಂದಿಗೆ ಏಳಬೇಕು, ಮಲಗಬೇಕು, ಪಾಠ ಮಾಡಬೇಕು. ಅಳು ಬರುತ್ತದೆಂದು ಅವಳು ಕಾದಳು. ಬರಲಿಲ್ಲ.

“ಬೆಳಿಗ್ಗೆ ಅಪ್ಪನಿಗೆ ಹೇಳ್ದೆ,” ಎಂದ ಕೇದಾರ್, ರಸ್ತೆ ನೋಡುತ್ತ. “ನಿನ್ನ ವಿಷಯ.”

“ಏನಂದ್ರು?”

“ಏನೂ ಅನ್ಲಿಲ್ಲ. ಮಾತು ಬಿಟ್ಟಿದಾರೆ. ತಟ್ಟೆ ಮಾತ್ರ ನನ್ನ ಪಕ್ಕದಲ್ಲೇ ಹಾಕ್ಕೊಂಡು ತಿಂಡಿ ತಿಂದ್ರು. ಅದು ಯಾವ ಬಣ್ಣ ಅಂತ ನನಗೂ ಗೊತ್ತಾಗ್ಲಿಲ್ಲ.”

“ರಿಪೋರ್ಟ್ ನೋಡಿ ಆಮೇಲೆ ಹೇಳ್ಬಹುದಿತ್ತು.”

“ಅದಕ್ಕೇ ಮುಂಚೆ ಹೇಳಿದ್ದು.”

ಯಶೋಧರಾ ಅವನನ್ನು ನೋಡಿದಳು. ಪರಮಶಿವಯ್ಯನವರ ಮೌನ, ಅಮ್ಮನ ತಣ್ಣಗಾಗುವ ಕೈಕಾಲು, ಮೂರು ತಿಂಗಳ ಆಚೆಯ ಸೂಜಿ, ಒಂದೂ ಎಲ್ಲಿಗೂ ಹೋಗಿರಲಿಲ್ಲ. ಅವಳು ಕುತ್ತಿಗೆಯ ದುಪಟ್ಟಾವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಎಷ್ಟೋ ದಿನದ ಮೇಲೆ ಗಂಟಲಿಗೆ ಗಾಳಿ ತಾಗಿತು.

“ಮನೆಗೆ ಬಾ,” ಎಂದಳು. “ಅಮ್ಮಂಗೆ ಇವತ್ತು ಹೇಳ್ಬಿಡ್ತೀನಿ. ಒಬ್ಬಳೇ ಹೇಳೋಕೆ ಭಯ. ಆದ್ರೆ ಅದಕ್ಕೆ ಮೊದಲು ನೀನು ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದ್ಯಲ್ಲ ಒಂದು ಪ್ರಶ್ನೆ, ಅದನ್ನ ಇನ್ನೊಂದು ಸಲ ಕೇಳು.”

ಕೇದಾರನಿಗೆ ನೆನಪಾಗಲು ಒಂದು ಕ್ಷಣ ಹಿಡಿಯಿತು. ನೆನಪಾದ ಮೇಲೆ ಬಾಯಿಂದ ಮಾತು ಹೊರಡಲು ಇನ್ನೊಂದು.

“ಕತ್ತಿಗೆ ಗಂಟು ಬಿತ್ತಂತೆ, ಹೌದಾ?”

“ಒಂದು ಬಿದ್ದಿದೆ,” ಎಂದಳು ಯಶೋಧರಾ. “ಇನ್ನು ಮೂರು ನೀನು ಹಾಕ್ಬೇಕು.”